ಕೊರಳಿನ ಸುತ್ತಳತೆ

ಹೋದ ತಿಂಗಳು ಕುಶಾಲನಗರದಲ್ಲಿ ಮೊಮ್ಮಗನ ವಯಸ್ಸಿನ ಡಾಕ್ಟರೊಬ್ಬ ಗಡ್ಡೆಯೆದ್ದ ನನ್ನ ಕೊರಳಿಗೆ ಜೆಲ್ ಸವರಿ ತಾನೇ ಸ್ಕ್ಯಾನ್ ಮಾಡಿದ. ಸ್ಕ್ಯಾನಿಂಗಿಗೆಂದು ಬೇರೆ ಡಾಕ್ಟರಿಲ್ಲ, ಜ್ವರಕ್ಕೂ ಶುಗರಿಗೂ ಮದ್ದು ಕೊಡುವವನೇ. "ನೋಡಿ ಅಜ್ಜಿ, ಥೈರಾಯ್ಡು ಒಳಗಡೆ ಇಳಿದಿಲ್ಲ, ಹೆದರ್ಬೇಡಿ" ಎಂದು ಪರದೆ ತೋರಿಸಿದ. ಐದೇ ನಿಮಿಷ. ನನಗೆ ಸಮಾಧಾನವಾಗಬೇಕಿತ್ತು, ಆದದ್ದು ಹೊಟ್ಟೆಯುರಿ. ಅವ್ವನ ಕೊರಳೊಳಗೆ ಹೀಗೆ ಯಾರೂ ನೋಡಿರಲಿಲ್ಲ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಅಪ್ಪ ಕೊಡ್ಲಿಪೇಟೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಅವ್ವನ ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ಹೆರಿಗೆ, ಹಾವು ಕಡಿತ, ಹಲ್ಲು ಕೀಳುವುದು ಎಲ್ಲವೂ ಡಿಸ್ಪೆನ್ಸರಿಯ ಒಬ್ಬ ಡಾಕ್ಟರ ಪಾಲು. ಅವರು ಬೆರಳಿಟ್ಟು, ಎಂಜಲು ನುಂಗಿಸಿ ನೋಡಿ, "ಗಳಗಂಡ. ಬೆಳೆದ್ರೆ ಮೈಸೂರಿಗೆ ಕಳ್ಸಾಣ, ನೋಡ್ಕೊಂಡಿರಿ" ಅಂದರು.

ನೋಡಿಕೊಳ್ಳಲು ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಬಗೆ. ತೋಟದ ನೆರಳಿನ ಮರ ಮಾರುವಾಗ ಎದೆಮಟ್ಟದಲ್ಲಿ ದಾರ ಸುತ್ತಿ ಸುತ್ತಳತೆ ಹಿಡಿಯುತ್ತಿದ್ದರು. ಅವ್ವನಿಗೂ ಅದೇ ಆಯಿತು. ತಿಂಗಳ ಮೊದಲ ಭಾನುವಾರ ಅವ್ವ ಗದ್ದ ಎತ್ತಿ ಕೂರುವುದು, ನಾನು ದಾರ ಸುತ್ತುವುದು, ಮೊದಲ ಸಲದ ಅಳತೆಗೆ ಹಾಕಿದ್ದ ಗಂಟು ಸರಿದಿದೆಯೇ ಎಂದು ಅಪ್ಪ ನೋಡುವುದು.

"ನೂಲಷ್ಟೂ ಹೆಚ್ಚಿಲ್ಲ ಕಣೇ!"

"ಕಡಿಯಕ್ಕೆ ಯಾವತ್ತು ಬರ್ತೀರಿ, ಅದ್ನ ಹೇಳಿ" ಎಂದು ಅವ್ವ ನಗುತ್ತಿದ್ದಳು.

ಡಾಕ್ಟರೂ ಗಂಟು ನೋಡಿ ತಲೆದೂಗಿದರು. ಮೂರು ವರ್ಷ ಗಂಟು ಕದಲಲಿಲ್ಲ. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ! ಮರ ಕೊಳ್ಳುವವರು ಕೂಡ ಒಳಗೆ ಪೊಳ್ಳೇನೋ ಎಂದು ಒಮ್ಮೆ ಬಡಿದು ನೋಡುತ್ತಾರೆ.

ಅವ್ವನ ದನಿ ಒಡೆಯಿತು, ಶೀತ ಅಂದೆವು. "ನಂಗೆ ಗಂಜಿನೇ ರುಚಿ" ಅಂದಳು, ನಂಬಿದೆವು. ಕೆಮ್ಮಿ ನಮ್ಮ ನಿದ್ದೆ ಕೆಡಿಸುತ್ತೇನೆಂದು ಅಡುಗೆಮನೆಯಲ್ಲೇ ಮಲಗತೊಡಗಿದಳು. ನಾವು ಎದ್ದು ಹೋಗಿ ನೋಡಿದವರಲ್ಲ. ನಾಲ್ಕು ಹೆಜ್ಜೆಗೇ ಉಸಿರು ಸೀಟಿ ಹೊಡೆಯತೊಡಗಿದ ಮೇಲೆ ಮೈಸೂರಿಗೆ ಹೋದೆವು.

ಅಲ್ಲಿನ ದೊಡ್ಡ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಇದು ಹೊರಗೆ ಬೆಳೆದೇ ಇಲ್ಲ. ಎದೆ ಮೂಳೆ ಹಿಂದಕ್ಕೆ ಇಳಿದು ಉಸಿರಿನ ಕೊಳವೆ ಒತ್ತಿದೆ. ಇಷ್ಟು ದಿನ ಏನು ಮಾಡ್ತಿದ್ರಿ?"

ಅಪ್ಪ ಜೇಬಿನಿಂದ ದಾರ ತೆಗೆದು ತೋರಿಸಿದರು. ಅಯ್ಯೋ, ತೋರಿಸಬಾರದಿತ್ತು. ನಾನು ನಾಚಿಕೆಯಿಂದ ಸತ್ತೇಹೋದೆ.

ಡಾಕ್ಟರು ಬೈಯಲಿಲ್ಲ. ಅವ್ವನ ಕಡೆ ತಿರುಗಿ, "ಅಂಗಾತ ಮಲಗಿ ಎಷ್ಟು ದಿನ ಆಯ್ತಮ್ಮ?" ಎಂದರು.

ಅವ್ವ ಎರಡು ಬೆರಳು ಎತ್ತಿದಳು.

"ಎರಡು ತಿಂಗಳಾ?"

"ವರ್ಷ" ಎಂದು ಅವ್ವ ಉಸುರಿದಳು. "ಗೋಡೆಗೆ ಒರಗಿ ಕೂತ್ಕತೀನಿ. ಹೇಳಾಣ ಅಂದ್ರೆ... ಇವ್ರು ಪಾಪ, ಬೆಳ್ದಿಲ್ಲ ಅಂತ ಅಷ್ಟು ಖುಷಿಯಾಗಿದ್ರು."

ಆಪರೇಷನ್ನಿಗೆ ಹೊತ್ತು ಮೀರಿತ್ತು. ಹದಿನೈದನೇ ದಿನ ಅವ್ವ ಆ ಆಸ್ಪತ್ರೆಯ ಮಂಚದ ಮೇಲೆ ಕೂತೇ ಹೋದಳು. ಅಪ್ಪನೂ ನಾನೂ ಅವಳನ್ನು ಅಂಗಾತ ಮಲಗಿಸಿದ್ದು ಆಮೇಲೆ.