ಕುಂಕುಮ ಹಚ್ಚಿದ ಫ್ಲಾಪಿಗಳು

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದಾಗ ಆಫೀಸಿನಿಂದ ಕರೆ ಬಂತು, ನನಗೆ ಫೋನು. ವಿಶ್ವವಿದ್ಯಾಲಯದವರು. ಅರ್ಧಕ್ಕೆ ಬಿಟ್ಟ ಎಂ.ಫಿಲ್. ಪ್ರಬಂಧವನ್ನು ಬರುವ ಬೇಸಿಗೆಯೊಳಗೆ ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ನಿಮ್ಮ ಹೆಸರು ತೆಗೆದುಹಾಕುತ್ತೇವೆ ಎಂದರು. ತರಗತಿಗೆ ವಾಪಸು ಬಂದು ಉಳಿದ ಪಾಠವನ್ನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ಮುಗಿಸಿದೆ. ಏನು ಹೇಳಿದೆನೋ ಆ ದೇವರಿಗೇ ಗೊತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ರೇಷ್ಮೆ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಪ್ರಶ್ನೆ ಸರಳ: ಆಗಷ್ಟೇ ಕಿತ್ತ ಹಿಪ್ಪುನೇರಳೆ ಸೊಪ್ಪು ತಿಂದ ಹುಳುವಿಗೂ, ಒದ್ದೆ ಗೋಣಿಯಡಿ ಇಟ್ಟ ಸೊಪ್ಪು ತಿಂದ ಹುಳುವಿಗೂ ಗೂಡಿನ ತೂಕದಲ್ಲಿ ಎಷ್ಟು ವ್ಯತ್ಯಾಸ? ಶಿಡ್ಲಘಟ್ಟದ ಸುತ್ತಲಿನ ಮನೆಗಳಲ್ಲಿ ಒಂದಷ್ಟು ಪ್ರಯೋಗ ಮಾಡಿದ್ದೆ, ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲೇ ಒಂದಷ್ಟು. ಅಂಕಿಅಂಶಗಳನ್ನು ಚಿಕ್ಕಬಳ್ಳಾಪುರದ ಕಾಲೇಜೊಂದರ ಕಂಪ್ಯೂಟರಿಗೆ ತುಂಬಿ ಎರಡು ಫ್ಲಾಪಿಗಳಲ್ಲಿ ಇಟ್ಟುಕೊಂಡಿದ್ದೆ. ಅಂಗೈಗಿಂತ ಅಗಲದ, ಬಗ್ಗಿಸಿದರೆ ಬಗ್ಗುವ ಕರಿ ಚೌಕಗಳು. ಹೊದಿಕೆಯಲ್ಲಿ ಉದ್ದನೆಯ ಒಂದು ಸಂದು. ಒಳಗಿನ ತಟ್ಟೆ ಕಾಣುವುದು ಅಲ್ಲಿ, ಕಂಪ್ಯೂಟರ್ ಓದುವುದೂ ಅಲ್ಲಿಂದಲೇ. ಅಷ್ಟರಲ್ಲಿ ಅಪ್ಪ ತೀರಿಕೊಂಡರು, ನಾನು ಕೆಲಸಕ್ಕೆ ಸೇರಿದೆ, ಪ್ರಬಂಧ ನಿಂತಿತು. ಕಾಗದದ ಪ್ರತಿ ಮಾರ್ಗದರ್ಶಕರ ಬಳಿ ಇತ್ತು. ಅವರು ನಿವೃತ್ತರಾಗಿ ಊರು ಬದಲಿಸುವಾಗ ಅದು ರದ್ದಿಗೆ ಹೋಯಿತಂತೆ. ಆ 'ಅಂತೆ' ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಶನಿವಾರವೇ ಊರಿಗೆ ಓಡಿದೆ. ಅಮ್ಮ ಫ್ಲಾಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಬಿಚ್ಚಿ ನೋಡಿದರೆ ಎರಡರ ಸಂದಿನಲ್ಲೂ ದಪ್ಪಗೆ ಕುಂಕುಮ. ವರ್ಷವರ್ಷವೂ ಆಯುಧಪೂಜೆಯ ದಿನ ಕುಡುಗೋಲು, ಸೊಪ್ಪು ಕೊಚ್ಚುವ ಕತ್ತಿ, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಇವಕ್ಕೂ ಪೂಜೆಯಾಗಿತ್ತು. ಒಣ ಕುಂಕುಮ ನಿಲ್ಲುವುದಿಲ್ಲವೆಂದು ನೀರಲ್ಲಿ ಕಲಸಿ ಹಚ್ಚಿದ್ದಳು.

"ಏನಮ್ಮಾ ಮಾಡಿದ್ದೀಯ! ಅಲ್ಲಿ ಬೆರಳು ತಾಗಿಸ್ಬಾರ್ದು ಅಂತ ಹೇಳಿರ್ಲಿಲ್ವಾ?"

"ನಿನ್ನ ವಿದ್ಯೆ ಅಲ್ವೇನಮ್ಮಾ ಅದು? ಎಲ್ಲಕ್ಕೂ ಇಟ್ಟು ಅದಕ್ಕೊಂದಕ್ಕೆ ಹೆಂಗೆ ಬಿಡ್ಲಿ? ಸಂದಲ್ಲಿ ಹೊಳೀತಿತ್ತು, ಅದೇ ಮುಖ ಅಂದ್ಕೊಂಡೆ."

"ನಿನ್ನ ಕುಂಕುಮ ನನ್ನ ಓದನ್ನೇ ನುಂಗ್ತು!" ಎಂದು ಅಂಗಳದಲ್ಲಿ ನಿಂತು ಕೂಗಾಡಿದೆ. ಪಕ್ಕದ ಮನೆಯವರು ಇಣುಕಿ ನೋಡಿದರು. ಮಾರನೆಯ ಬೆಳಗ್ಗೆ ಅಮ್ಮ ನನಗೆ ಉಪ್ಪಿಟ್ಟು ಬಡಿಸಿ ತಾನು ತಟ್ಟೆ ಹಾಕಿಕೊಳ್ಳಲಿಲ್ಲ. ಕೇಳಿದ್ದಕ್ಕೆ, "ಅದು ಸರಿಹೋಯ್ತು ಅಂತ ನೀನು ಬಂದು ಹೇಳೋಗಂಟ ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದಳು.

ಚಿಂತಾಮಣಿಯಲ್ಲಿ ಭಾನುವಾರವೂ ತೆರೆದಿರುವ ಕಂಪ್ಯೂಟರ್ ತರಬೇತಿ ಕೇಂದ್ರವೊಂದಿತ್ತು. ಅಲ್ಲಿದ್ದ ಹೊಸ ಯಂತ್ರಗಳಿಗೆಲ್ಲ ಚಿಕ್ಕ ಗಟ್ಟಿ ಫ್ಲಾಪಿ ಮಾತ್ರ ಹಿಡಿಸುತ್ತಿತ್ತು. ಮಾಲೀಕರು ನನ್ನ ಫ್ಲಾಪಿಗಳನ್ನು ನೋಡಿ ಮೊದಲು ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಗ್ಯಾರಂಟಿ ಕೊಡಲ್ಲ ಮೇಡಂ. ಟ್ರೈ ಮಾಡಣ" ಎಂದು, ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಯಂತ್ರದಿಂದ ಅಗಲ ಬಾಯಿಯ ಡ್ರೈವ್ ಬಿಚ್ಚಿ, ಹೊಸ ಕಂಪ್ಯೂಟರಿನ ಹೊಟ್ಟೆ ತೆರೆದು ಜೋಡಿಸಿದರು.

ಮೊದಲನೆಯದರ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ, ಹಪ್ಪಳದಷ್ಟು ತೆಳುವಾದ ತಟ್ಟೆಯನ್ನು ಹೊರಗೆಳೆದೆವು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಉಜ್ಜದೆ ಅದ್ದಿ ಅದ್ದಿ ತೆಗೆದೆವು. ನೀರು ಕೆಂಪಾಯಿತು. ಆಮೇಲೆ ಅದು ಫ್ಯಾನಿನಡಿ ಒಣಗಬೇಕು. ಒಣಗುವುದಕ್ಕೆ ಕಾಯುವುದೆಂದರೆ ನನಗೆ ಶಿಕ್ಷೆ. ರಸ್ತೆಗೆ ಹೋದೆ, ಬಂದೆ, ಟೀ ಹೇಳಿದೆ, ಕುಡಿಯದೆ ಎದ್ದೆ, ಒಣಗಿತಾ ಎಂದು ಕೇಳಿ ಕೇಳಿ ಆ ಮನುಷ್ಯನ ತಲೆ ತಿಂದೆ. ಕೊನೆಗೆ ಅದನ್ನು ಖಾಲಿ ಫ್ಲಾಪಿಯೊಂದರ ಹೊದಿಕೆಯೊಳಗೆ ತೂರಿಸಿ ಡ್ರೈವಿಗೆ ಹಾಕಿದರು. ಕರಕರ ಸದ್ದು. ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ ಎಂದು ಪರದೆ ಕೇಳಿತು. ಪ್ರಯತ್ನಿಸು ಎಂದು ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ಒತ್ತುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಶಿಡ್ಲಘಟ್ಟದ ಅಂಕಿಗಳು ಸಾಲುಸಾಲಾಗಿ ಇಳಿದವು. ನಾನು ಕುಣಿಯಲಿಲ್ಲ ಅನ್ನುವುದೊಂದೇ.

ಎರಡನೆಯದನ್ನು ನೀರಿಗೆ ಅದ್ದಿದಾಗ ಕುಂಕುಮದ ಜೊತೆ ತಟ್ಟೆಯ ಕಂದು ಲೇಪವೂ ಪೊರೆಪೊರೆಯಾಗಿ ಎದ್ದಿತು. ಎತ್ತಿ ಹಿಡಿದರೆ ಆಚೆಯ ಬೆಳಕು ಕಂಡಿತು. ಆದರೂ ಒಣಗಿಸಿ ಹಾಕಿಸಿದೆ, ಹಟ ಮಾಡಿ ತೆಗೆಸಿ ಹಾಕಿಸಿದೆ. "ಪೋನೀಲೆಂಡಿ ಮೇಡಂ, ಹೋಗ್ಲಿ ಬಿಡಿ, ಇದು ಬರಲ್ಲ" ಎಂದು ಅವರು ಡ್ರೈವಿನ ಮೇಲೆ ಕೈಯಿಟ್ಟರು. ಅದರಲ್ಲಿದ್ದದ್ದು ನಮ್ಮ ಮನೆಯ ಪ್ರಯೋಗ. ಅದಿಲ್ಲದೆ ಪ್ರಬಂಧ ಅರ್ಧ.

ಸಂಜೆ ಮನೆ ತಲುಪಿದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಬೆಳಗಿನಿಂದ ಹಸಿದ ಮುಖ. "ಬಂತೇನಮ್ಮಾ?" ಎಂದಳು. ನಾನು ಜಗಲಿಯ ಮೇಲೆ ಕೂತೆ. "ಬಂತು. ಎರಡೂ ಬಂತು" ಎಂದೆ. ಅವಳು ದೇವರಿಗೆ ಕೈಮುಗಿದು, ಇಬ್ಬರಿಗೂ ಮುದ್ದೆ ಸಾರು ಬಡಿಸಿದಳು. ಇಬ್ಬರೂ ಉಂಡೆವು.

ಚಳಿಗಾಲದಲ್ಲಿ ರಜೆ ಹಾಕಿ ಮನೆಯಲ್ಲಿ ಮತ್ತೆ ಹುಳು ಸಾಕಿದೆ. ಪ್ರಬಂಧಕ್ಕೆ ಇನ್ನೊಂದು ಅಧ್ಯಾಯ ಬೇಕಂತೆ ಎಂದು ಅಮ್ಮನಿಗೆ ಹೇಳಿದೆ. ಸೊಪ್ಪು ಕಿತ್ತದ್ದು, ಗೋಣಿ ನೆನೆಸಿದ್ದು, ಹುಳುವಿನ ತಟ್ಟೆ ಬದಲಿಸಿದ್ದು ಬಹುಪಾಲು ಅವಳೇ. ಆ ಅಂಕಿಗಳನ್ನು ಸೇರಿಸಿಯೇ ಬೇಸಿಗೆಯಲ್ಲಿ ಪ್ರಬಂಧ ಒಪ್ಪಿಸಿದೆ, ಪದವಿಯೂ ಬಂತು. ಆದರೆ ಈ ನೆನಪು ನಿಲ್ಲುವುದು ಗೂಡು ಬಿಡಿಸಿ ತೂಕ ಹಾಕಿದ ದಿನದಲ್ಲಿ.

"ಗೋಣಿ ಸೊಪ್ಪಿಂದು ಹಗುರ ಅಂತ ಆವಾಗ್ಲೂ ನೀನು ಹಿಂಗೇ ಬರ್ಕೊಂಡಿದ್ದೆ" ಎಂದಳು ಅಮ್ಮ, ತಕ್ಕಡಿಯಿಂದ ಕಣ್ಣೆತ್ತದೆ. "ನಮ್ಮನೇದು ಬರ್ಲಿಲ್ಲ, ಅಲ್ವಾ?"

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆವತ್ತು ಬಂದೋಳೇ ಜಗಲಿ ಮೇಲೆ ಕೂತುಬಿಟ್ಟೆ. ಒಳ್ಳೇದಾಗಿದ್ರೆ ನೀನು ಕೂರೋಳೇನೇ?"

"ಮತ್ತೆ ಯಾಕಮ್ಮಾ ಉಂಡೆ?" ಎಂದೆ.

"ನಾನು ಉಣ್ದೇ ಇದ್ದಿದ್ರೆ ನೀನು ಉಣ್ತಿದ್ಯಾ?" ಎಂದು ಅಮ್ಮ ಇನ್ನೊಂದು ಹಿಡಿ ಗೂಡು ತಕ್ಕಡಿಗೆ ಸುರಿದಳು.