ನಮ್ಮ ಪಾಲಿನ ಪ್ರಿಮ್‌ರೋಸ್

ಆ ಶುಕ್ರವಾರ ಮಧ್ಯಾಹ್ನ ಬಂಗುಡೆ ಮೀನಿನ ಸಾರಿನಲ್ಲಿ ಉಂಡು ಮಲಗಿದ್ದೆ. ಸಂಜೆಯಾಗುವ ಹೊತ್ತಿಗೆ ಕಟ್ಟಡದ ಹಿಂದಿನಿಂದ ನನ್ನ ಹೆಂಡತಿ ಕೂಗಿದಳು. "ಹ್ವಾಯ್, ಒಂಚೂರು ಕೆಳಗೆ ಬನ್ನಿ ಕಾಂಬ."

ಕೊಲ್ಲಿ ದೇಶದ ಈ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕಟ್ಟಡ ಹಳೆಯದು. ಹಿಂಬದಿಯಲ್ಲಿ, ನೀರಿನ ಟ್ಯಾಂಕಿನ ಗೋಡೆಯ ಪಕ್ಕ, ಬಿಸಿಲು ಬೀಳದ ಒಂದು ಪಟ್ಟಿ ಮಣ್ಣಿದೆ. ಮೆಟ್ಟಿಲಿನ ಈಚೆಗಿನ ಅರ್ಧ, ಮಾಳಿಗೆಯಲ್ಲಿರುವ ನಮ್ಮದು; ಆಚೆಗಿನ ಅರ್ಧ ಕೆಳಗಿನ ಮನೆಯ ಬಾಯಮ್ಮನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ನಡೆದುಕೊಂಡು ಬಂದಿತ್ತು. ಬಾಯಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು. ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ನನ್ನ ಹೆಂಡತಿಗೆ ಈ ದೇಶದಲ್ಲಿ ಸ್ನೇಹಿತೆ ಎಂದು ಇದ್ದದ್ದು ಅವರೊಬ್ಬರೇ.

ಕೆಳಗೆ ಹೋಗಿ ನೋಡಿದರೆ ಇಬ್ಬರೂ ಮಣ್ಣಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ನರ್ಸರಿಯಿಂದ ತಂದ ಟ್ರೇ. ಅದರ ತುಂಬಾ ಸಣ್ಣ ಗಿಡಗಳು. ಮೂಲಂಗಿ ಸೊಪ್ಪಿನಂಥ ಸುಕ್ಕುಸುಕ್ಕಾದ ಎಲೆ, ಎಲೆಯ ನಡುವೆಯೇ ಅಂಟಿ ಕುಳಿತ ಹೂವು, ಹೂವಿನ ಮಧ್ಯೆ ಹಳದಿ ಬೊಟ್ಟು.

"ಕಾಣಿ, ಪ್ರಿಮ್‌ರೋಸ್ ಅಂಬ್ರ್. ಹಿಮ ಬಿದ್ರೂ ಸಾಯೂದಿಲ್ಲ ಅಂಬ್ರ್," ಎಂದಳು.

"ಇಲ್ಲಿ ಹಿಮ ಎಲ್ಲಿತ್ತ್? ಸೆಖೆಗೆ ಎಂತ ಮಾಡತ್ತ್ ಅಂದ್ ಕೇಂಡ್ಯಾ?"

"ಸೆಖೆ ಬಪ್ಪುಕೆ ಇನ್ನೂ ಸುಮಾರ್ ದಿನ ಇತ್ತ್. ಅಲ್ಲಿವರೆಗೆ ಇರ್ಲಿ."

ಬಾಯಮ್ಮ ನಕ್ಕರು. "ಇವರಿಗೆ ಹೂ ಎಲ್ಲ ತಲೆಗೆ ಹೋಗುದಿಲ್ಲ ಮಾರಾಯ್ತಿ. ಏಸಿಯ ಗ್ಯಾಸ್ ಲೀಕ್ ಉಂಟಾ ನೋಡ್ಲಿಕ್ಕೆ ಕರೆ, ಓಡಿ ಬರ್ತಾರೆ."

ನಾನು ಏಸಿ ರಿಪೇರಿಯವನು. ನಕ್ಕು, ಅವರಿಗೆ ಬೇಕಾಗಿದ್ದ ಕುಡಿಯುವ ನೀರಿನ ಕ್ಯಾನು ತಂದಿಟ್ಟು ಮೇಲೆ ಹೋದೆ. ನಲ್ಲಿಯ ನೀರಿನಲ್ಲಿ ಉಪ್ಪಿದೆ, ಎಳೆಯ ಗಿಡಕ್ಕೆ ಆಗುವುದಿಲ್ಲ ಎಂದಿದ್ದಳು. ಕತ್ತಲಾಗುವಷ್ಟರಲ್ಲಿ ಬಾಯಮ್ಮನ ಅರ್ಧ ನೆಟ್ಟು ಮುಗಿಯಿತು. ನಮ್ಮ ಅರ್ಧ ಟ್ರೇಯಲ್ಲೇ ಉಳಿಯಿತು. "ನಮ್ದ್ ನಾಳೆ ನೆಡ್ತೆ," ಎಂದು ಕೈತೊಳೆದು ಬಂದು ಚಹಾ ಮಾಡಿದಳು.

ಮರುದಿನ ಅವಳು ತಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯಲ್ಲಿ ಮಿಷನ್ನಿನ ಮುಂದೆಯೇ ಕುಸಿದಳು. ನಾನು ಕೆಲಸದಿಂದ ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಅವಳನ್ನು ಊರಿಗೆ ಕರೆದುಕೊಂಡು ಹೋಗಲು ಕಾಗದಪತ್ರ ಆಗುವವರೆಗೆ ಇಲ್ಲಿರುವ ನಮ್ಮ ಊರಿನವರೆಲ್ಲ ಬಂದು ಕುಳಿತದ್ದು ಬಾಯಮ್ಮನ ಮನೆಯಲ್ಲಿ. ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಕುರ್ಚಿಗಳೂ ಇದ್ದವು. ಬಂದವರಿಗೆಲ್ಲ ಬಾಯಮ್ಮ ಆ ಸಂಜೆಯ ಕತೆ ಹೇಳುತ್ತಿದ್ದರು. ಅವಳು ಏನು ಹೇಳಿದಳು, ಯಾವುದಕ್ಕೆ ನಕ್ಕಳು, ಮೂಗಿಗೆ ಮಣ್ಣು ಹೇಗೆ ಮೆತ್ತಿಕೊಂಡಿತ್ತು. ಹೆಂಗಸರು ಅವರ ಕೈ ಹಿಡಿದು ಅತ್ತರು. ನಾನು ಮೂಲೆಯಲ್ಲಿ ಕುಳಿತು ಕೇಳಿದೆ. ನನ್ನ ಹೆಂಡತಿಯ ಕೊನೆಯ ಸಂಜೆಯನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾಯಿತು. ಆಗಲೇ ಅದು ಶುರುವಾದದ್ದು. ದುಃಖ ಎಂದುಕೊಂಡಿದ್ದೆ. ಹೊಟ್ಟೆಕಿಚ್ಚು ಎಂದು ಆಮೇಲೆ ತಿಳಿಯಿತು.

ಊರಿನಲ್ಲಿ ಅವಳ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿಸಿ ನಾನು ತಿರುಗಿ ಬಂದಾಗ ಬಾಯಮ್ಮನ ಬದಿಯ ಗಿಡಗಳು ಬೇರೂರಿ ಮೈತುಂಬಾ ಹೂ ಬಿಟ್ಟಿದ್ದವು. ನಮ್ಮ ಟ್ರೇ ಮೆಟ್ಟಿಲ ಬಳಿ ಹಾಗೆಯೇ ಇತ್ತು. ದಿನವೂ ಅವರು ನೀರು ಹಾಕಿದ್ದರು.

"ನಾನೇ ನೆಡುವ ಅಂತ ಇದ್ದೆ. ಮತ್ತೆ ಇದು ನಿಮ್ಮ ಪಾಲಿಂದು, ನೀವೇ ನೆಡುದು ಒಳ್ಳೇದು ಅಂತ ಬಿಟ್ಟೆ," ಎಂದರು.

ಒಳ್ಳೆಯ ಮಾತೇ. ಆದರೂ ಅವಳು ನೆಟ್ಟದ್ದೆಲ್ಲ ಅವರಿಗೆ, ನೆಡದೆ ಬಿಟ್ಟದ್ದು ನನಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮನೆಯೊಳಗೆ ಅವಳು ಮುಟ್ಟದ ಪಾತ್ರೆಯಿಲ್ಲ, ಬಟ್ಟೆಯಿಲ್ಲ. ಆದರೆ ಅವು ಇದ್ದ ಹಾಗೆಯೇ ಇರುತ್ತವೆ. ಅವಳು ಕೈಯಿಟ್ಟದ್ದರಲ್ಲಿ ಇನ್ನೂ ಬೆಳೆಯುತ್ತಿದ್ದದ್ದು ಮೆಟ್ಟಿಲಿನ ಆಚೆಯ ಆ ಗಿಡಗಳು ಮಾತ್ರ.

ಮುಂದಿನ ಶುಕ್ರವಾರ ನಮ್ಮ ಪಾಲಿನದ್ದನ್ನು ನೆಟ್ಟೆ. ನನಗೆ ಗೊತ್ತಿದ್ದದ್ದು ಊರಿನಲ್ಲಿ ಅಮ್ಮ ಬದನೆಗೆ, ಅಬ್ಬಲಿಗೆ ಹೂವಿನ ಗಿಡಕ್ಕೆ ಮಾಡುತ್ತಿದ್ದ ಕ್ರಮ. ಗಿಡ ಇಟ್ಟು, ಬುಡಕ್ಕೆ ಸುತ್ತಲಿನಿಂದ ಮಣ್ಣು ಎಳೆದು, ಏರಿಸಿ, ಗಟ್ಟಿಯಾಗಿ ತಟ್ಟುವುದು. ಅಷ್ಟು ಪ್ರೀತಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ವಾರ ಕಳೆಯುವುದರೊಳಗೆ ಎಲೆಗಳು ಬುಡದಲ್ಲಿ ಕಪ್ಪಾಗಿ ಮೆತ್ತಗಾದವು. ಹಿಡಿದರೆ ಕೈಗೇ ಕಿತ್ತು ಬಂದವು.

ಬಾಯಮ್ಮ ಬಂದು ಬಗ್ಗಿ ನೋಡಿದರು. "ಅಯ್ಯೋ, ಎಂತ ಮಾರಾಯ್ರೆ, ಕುತ್ತಿಗೆವರೆಗೆ ಹೂತು ಹಾಕಿದ್ದೀರಿ! ಇದಕ್ಕೆ ಮಣ್ಣು ಏರಿಸ್ಲಿಕ್ಕಿಲ್ಲ. ಎಲೆ ಹುಟ್ಟುವ ಜಾಗ ಮಣ್ಣಿನ ಮೇಲೆಯೇ ಇರ್ಬೇಕು, ಇಲ್ಲದಿದ್ರೆ ಕೊಳೀತದೆ. ಅವಳು ನಿಮಗೆ ಹೇಳ್ಲಿಲ್ವಾ?"

ಅವಳು ನನಗೆ ಹೇಳಿರಲಿಲ್ಲ. ಅವರಿಗೆ ಹೇಳಿದ್ದಳು.

"ಹೇಳಿದ್ದಳು. ನಾನು ಮರೆತೆ," ಎಂದೆ.

ಅಂದಿನಿಂದ ಆ ಕಡೆ ನೋಡದೆ ಓಡಾಡಲು ಪ್ರಯತ್ನಿಸಿದೆ. ಆಗಲಿಲ್ಲ. ಕೆಲಸಕ್ಕೆ ಹೊರಡುವಾಗ ನೋಡುತ್ತಿದ್ದೆ, ಬರುವಾಗ ನೋಡುತ್ತಿದ್ದೆ. ಯಾರೋ ನಿಂತು "ಚಂದ ಆಗಿದೆ ಬಾಯಮ್ಮ ನಿಮ್ಮ ಗಿಡ" ಎಂದರೆ ಬೇಗಬೇಗ ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಒಂದು ಸಂಜೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಿದ್ದೆ. ಬಾಯಮ್ಮ ಬಾಗಿಲು ತೆರೆದರು.

"ಇದರಲ್ಲಿ ಅವಳು ನೆಟ್ಟದ್ದು ಯಾವುದು?" ಎಂದು ಕೇಳಿದೆ.

ಅವರಿಗೆ ಯೋಚಿಸಬೇಕಾಗಲೇ ಇಲ್ಲ. "ಆ ತುದಿಯ ಎರಡು ನಾನು. ಮತ್ತೆ ಎಲ್ಲ ಅವಳು. ನಾನು ನೆಟ್ಟದ್ದು ಓರೆ ಆಗಿದೆ ಅಂತ ಬೈದಿದ್ದಳು."

ನಾನು ಒಂದೊಂದೇ ಗಿಡವನ್ನು ನೋಡಿದೆ. ಅವರಿಗೆ ಅರ್ಥವಾಗಿರಬೇಕು. ಒಳಗೆ ಹೋಗಿ ಅನ್ನದ ಸೌಟು ತಂದರು. "ಒಂದು ತೆಗೆದುಕೊಡ್ತೇನೆ. ಬೇರಿನ ಮಣ್ಣು ಸಮೇತ ತೆಗೆದ್ರೆ ಅದಕ್ಕೆ ಗೊತ್ತೇ ಆಗುದಿಲ್ಲ. ಯಾವುದು ಬೇಕು ಹೇಳಿ."

ಹೆಚ್ಚು ಹೂವಿದ್ದ ಒಂದನ್ನು ತೋರಿಸಿದೆ. ಸೌಟಿನ ತುದಿ ಮಣ್ಣಿಗಿಳಿಯಿತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಗಿಡದ ಸುತ್ತಲಿನ ನೆಲ. ಅದು ಒತ್ತಿ ಸಮ ಮಾಡಿದ ಮಣ್ಣು, ಚಪಾತಿ ಹಿಟ್ಟನ್ನು ಬೆರಳಿನಿಂದ ಅದುಮಿದ ಹಾಗೆ. ಒತ್ತಿದ್ದು ಅವಳು. ಅಗೆದರೆ ಗಿಡ ನನ್ನ ಬದಿಗೆ ಬರುತ್ತದೆ, ಆದರೆ ಅಲ್ಲಿ ಮಣ್ಣು ಒತ್ತುವವನು ನಾನು. ಆಮೇಲೆ ಅದು ನಾನು ನೆಟ್ಟ ಗಿಡ.

"ಬೇಡ ಬಾಯಮ್ಮ. ಇರಲಿ."

"ಬೇಕು ಅಂದದ್ದು ನೀವೇ ಅಲ್ವಾ?"

"ಇರಲಿ, ಅಲ್ಲೇ ಇರಲಿ."

ಅವರು ಸೌಟು ಎತ್ತಿ, ಬಿರುಕು ಬಿಟ್ಟಲ್ಲಿ ತಮ್ಮ ಬೆರಳಿನಿಂದ ಒತ್ತಿ ಮುಚ್ಚಿದರು. ಅದನ್ನೂ ನಾನು ನೋಡಿದೆ. ಆ ಒಂದು ಕಡೆ ಮುಟ್ಟಬಾರದಿತ್ತು ಎಂದು ಕೋಪ ಬಂತು.

ಮೇ ತಿಂಗಳ ಸೆಖೆಗೆ ಅವರ ಬದಿಯದ್ದೂ ಒಣಗಿತು. ಹಿಮಕ್ಕೆ ಸಾಯದ್ದು ಇಲ್ಲಿಯ ಗಾಳಿಗೆ ಸತ್ತಿತು. ಬಾಯಮ್ಮ ಬೇಸರ ಮಾಡಿಕೊಂಡು ಒಣಗಿದ್ದನ್ನು ಕಿತ್ತರು. ನನಗೆ ಬೇಸರಕ್ಕಿಂತ ಮೊದಲು ಸಮಾಧಾನವಾಯಿತು. ಇನ್ನು ಎರಡೂ ಬದಿ ಒಂದೇ ಎಂದುಕೊಂಡೆ.

ಒಂದೇ ಆಗಲಿಲ್ಲ. ಈ ಸಲ ಚಳಿ ಶುರುವಾಗುವ ಮೊದಲೇ ಬಾಯಮ್ಮ ಹೊಸ ಟ್ರೇ ತಂದು ಅರ್ಧವನ್ನು ನಮ್ಮ ಮೆಟ್ಟಿಲಿನ ಮೇಲೆ ಇಟ್ಟು ಹೋಗಿದ್ದರು. ಬುಡಕ್ಕೆ ಮಣ್ಣು ಏರಿಸದೆ, ಕುತ್ತಿಗೆ ಮೇಲೆ ಬಿಟ್ಟು, ಕ್ಯಾನಿನ ನೀರು ಹಾಕಿ ನೆಟ್ಟೆ. ಎಲ್ಲ ಬದುಕಿವೆ, ಹೂ ಬಿಟ್ಟಿವೆ. ಅವರದಕ್ಕಿಂತ ನಮ್ಮದೇ ಚಂದ ಎಂದು ಅವರೇ ಹೇಳುತ್ತಾರೆ.

ಅವರ ಬದಿಯಲ್ಲಿ ಅವಳು ನೆಟ್ಟದ್ದು ಒಂದು ಚಳಿಗಾಲವಾದರೂ ಇತ್ತು. ನಮ್ಮ ಬದಿಯಲ್ಲಿ ಅವಳು ನೆಟ್ಟ ಗಿಡ ಒಂದೂ ಇಲ್ಲ.