ಚಿಗಳಿ ತಿಂದ ಬಾಯಿ

ಚಿಗಳಿಯ ವಾಸನೆ ಬಂದರೆ ಈಗಲೂ ನಾನು ಎದ್ದು ಆಚೆ ಹೋಗುತ್ತೇನೆ. ಕರಿಎಳ್ಳು, ಬೆಲ್ಲ ಕುಟ್ಟಿ ಕಟ್ಟಿದ ಉಂಡೆ. ಅದರ ತಪ್ಪೇನೂ ಇಲ್ಲ. ಅಸಹ್ಯ ಹುಟ್ಟಿಸಿದ್ದು ಅದನ್ನು ಹಿಡಿದ ಕೈಗಳು.

ಮಗಳಿಗೆ ಆಗ ಹನ್ನೊಂದು. ವಯಸ್ಸಿಗೆ ಮೀರಿದ ಮೈ. ಮದ್ದೂರಿನ ನಮ್ಮ ಮನೆಯಲ್ಲಿ ಅದಕ್ಕೆ ‘ಲಕ್ಷಣವಾಗಿದ್ದಾಳೆ’ ಎಂದು ಹೆಸರು. ಮಂಡ್ಯದ ಡಾಕ್ಟರಮ್ಮ ಮಾತ್ರ ಅವಳ ಕತ್ತಿನ ಸುತ್ತ ಚರ್ಮ ಕಪ್ಪಾಗಿ ಪಟ್ಟಿಗಟ್ಟಿದ್ದನ್ನು ಬೆರಳಿನಿಂದ ಉಜ್ಜಿ ನೋಡಿದರು. ಅದು ಕೊಳೆಯಲ್ಲ, ಸಕ್ಕರೆ ಏರುವ ಗುರುತು ಎಂದರು. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ನನ್ನ ಮಾವ ನಲವತ್ತು ತುಂಬುವ ಮೊದಲೇ ಗದ್ದೆಯ ಬದುವಿನ ಮೇಲೆ ಕುಸಿದು ಹೋದವರು. ‘ಹಾಗಾದ್ರೆ ಇವಳ ರಕ್ತದಲ್ಲಿ ಕೊಬ್ಬು, ಸಕ್ಕರೆ ಎಷ್ಟಿದೆ ಅಂತ ಈಗ್ಲೇ ನೋಡಿಬಿಡೋಣ. ರಾತ್ರಿ ಊಟ ಆದ್ಮೇಲೆ ನೀರು ಬಿಟ್ಟು ಏನೂ ಕೊಡಬೇಡಿ’ ಎಂದು ಹೇಳಿ ಕಳಿಸಿದರು.

ಆ ವಾರವೇ ಅವಳು ದೊಡ್ಡವಳಾದಳು. ಪರೀಕ್ಷೆ ಮುಂದಕ್ಕೆ ಹೋಯಿತು, ಒಸಗೆ ಶುರುವಾಯಿತು. ಮಳವಳ್ಳಿಯಿಂದ ಸೋದರಮಾವ, ಹನಕೆರೆಯಿಂದ ಅತ್ತೆಯ ತಂಗಿ, ಬಂದವರ ಕೈಯಲ್ಲೆಲ್ಲ ಡಬ್ಬಿ. ಚಿಗಳಿ, ಕೊಬ್ಬರಿ, ತುಪ್ಪ. ಹಸೆಯ ಮೇಲೆ ಕೂತ ಮಗು ಬೇಡವೆಂದು ತಲೆಯಾಡಿಸಿದರೆ ಗಲ್ಲ ಹಿಡಿದು ಬಾಯಿಗೆ ತುರುಕುತ್ತಿದ್ದರು. ತುಪ್ಪ ಗದ್ದದಿಂದ ಇಳಿದು ಹೊಸ ರೇಷ್ಮೆ ಲಂಗಕ್ಕೆ ತೊಟ್ಟಿಕ್ಕುತ್ತಿತ್ತು. ಒಬ್ಬಾಕೆ ಅದೇ ಜಿಡ್ಡುಗೈಯಲ್ಲಿ ಅವಳ ತೋಳು ಹಿಚುಕಿ, ಸಂತೆಯಲ್ಲಿ ಕುರಿಯ ಬೆನ್ನು ಮುಟ್ಟಿ ನೋಡುವವರಂತೆ, ‘ಒಳ್ಳೆ ಮೈ ಕಣಮ್ಮ’ ಎಂದಳು.

ಶಾಸ್ತ್ರವೆಲ್ಲ ಮುಗಿಸಿ ಅವಳನ್ನು ಒಳಗೆ ಕರೆದುಕೊಂಡ ಮೇಲೂ ತಿನ್ನಿಸುವುದು ನಿಲ್ಲಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮಂಡ್ಯದ ಬಸ್ಸು ಹತ್ತಿಸಿದೆ. ಲ್ಯಾಬಿನಲ್ಲಿ ರಕ್ತ ತೆಗೆದಾದ ಮೇಲೆ ಮಗಳು ನೋವಿಗೆ ಹಲ್ಲು ಕಿರಿದಳು. ಹಲ್ಲಿನ ಸಂದಿಯಲ್ಲಿ ಕರಿಎಳ್ಳು.

‘ಅಜ್ಜಿ ತಿನ್ಸುದ್ಲು. ನಿಂಗೆ ಯೋಳ್ಬ್ಯಾಡ ಅಂದ್ಲು’ ಎಂದಳು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ‘ಒಸಗೆ ಮಗ ಬರೀ ಒಟ್ಟೇಲಿ ಒಸ್ಲು ದಾಟ್ಬಾರ್ದು ಕಣವ್ವ. ಒಂದು ಉಂಡೆಗೆ ಏನಾದದು?’ ಎಂದರು.

ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಮನೆಯವರಿಗೆಲ್ಲ ಸಮಾಧಾನವೇ ಆಯಿತು. ‘ಚಿಗಳಿ ತಿಂದಿದ್ಳಲ್ಲ, ಅದ್ಕೇ ಕಣೇ’ ಎಂದು ನನ್ನ ಗಂಡ ಫೋನಿನಿಂದ ತಲೆಯೆತ್ತದೆ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮುಂದಿನ ವಾರ ನಾನೇ ಅವಳ ಪಕ್ಕ ಮಲಗಿ, ಬೆಳಿಗ್ಗೆ ಯಾರೂ ಏಳುವ ಮುಂಚೆ ಕರೆದುಕೊಂಡು ಹೋದೆ. ಈ ಸಲ ಬಾಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಕೊಬ್ಬು ಒಂದಿಷ್ಟು ಇಳಿದಿತ್ತು, ಆದರೂ ಮೇಲೆಯೇ ಇತ್ತು. ಸಕ್ಕರೆಯೂ ಗಡಿಯ ಹತ್ತಿರ. ಈಗಿನಿಂದಲೇ ಊಟ, ಆಟ ಬದಲಾಯಿಸಿದರೆ ಇಳಿಯುತ್ತದೆ, ಬಿಟ್ಟರೆ ಹೃದಯಕ್ಕೆ ಕುತ್ತು ಎಂದರು ಡಾಕ್ಟರಮ್ಮ.

ಅದನ್ನು ಹೇಳಿದರೆ ಅತ್ತೆ ಮೊದಲು ಬೀದಿಬಾಗಿಲು ಮುಂದೆ ಮಾಡಿದರು. ‘ಈ ಚೀಟಿ ಯಾರ್ಗೂ ತೋರುಸ್ಬ್ಯಾಡ. ನಾಳೆ ಗಂಡು ನೋಡೋರು ಏನಂದಾರು?’ ಹನ್ನೊಂದು ವರ್ಷದ ಮಗುವಿನ ಎದೆಗಿಂತ ಅವರಿಗೆ ಇನ್ನೂ ಹುಟ್ಟದ ಸಂಬಂಧದ ಚಿಂತೆ. ಥೂ ಎನ್ನಿಸಿತು, ಬಾಯಿಬಿಟ್ಟು ಅಂದೂಬಿಟ್ಟೆ.

ಅತ್ತೆ ನನ್ನ ಮಾತು ಕೇಳಿಸಿಕೊಳ್ಳದವರಂತೆ ಹನಕೆರೆಯ ಡಬ್ಬಿ ತೆಗೆದು, ಉಂಡೆಯೊಂದನ್ನು ಮೊಮ್ಮಗಳ ಬಾಯಿಯ ಹತ್ತಿರ ತಂದರು. ‘ನೀನ್ ತಿನ್ನು ಮಗ. ನಿಮ್ಮವ್ವಂದು ಇದ್ದದ್ದೇ.’

ಮಗಳು ಬಾಯಿ ತೆರೆಯಲಿಲ್ಲ. ಗೋಡೆಯ ಮೇಲಿದ್ದ, ಗಂಧದ ಹಾರ ಹಾಕಿದ್ದ ಮಾವನ ಫೋಟೊ ಕಡೆ ನೋಡಿ ಕೇಳಿದಳು:

‘ಅಜ್ಜಿ, ತಾತಂಗೂ ನೀನು ಇಂಗೇ ತಿನ್ನುಸ್ತಿದ್ದಾ?’

ಅತ್ತೆಯ ಕೈ ಅಲ್ಲೇ ನಿಂತಿತು. ಆಮೇಲೆ ಉಂಡೆಯನ್ನು ಡಬ್ಬಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.